ನರ ತೆಗೆದ ಮೇಲೂ ನೋವಿದ್ದರೆ ಅದು ನಿಮ್ಮ ಭ್ರಮೆಯಲ್ಲ

"ನರಾನೇ ತೆಗೆದಾಯ್ತಲ್ಲ, ಇನ್ನೆಲ್ಲಿಂದ ಬರುತ್ತೆ ನೋವು?"

ರೂಟ್ ಕೆನಾಲ್ ಮಾಡಿಸಿ ತಿಂಗಳಾದರೂ ಹಲ್ಲು ನೋಯುತ್ತಿದೆ ಅಂತ ಬಾಯಿಬಿಟ್ಟವರಿಗೆ ನಮ್ಮೂರುಗಳಲ್ಲಿ ಸಿಗುವ ಉತ್ತರ ಇದು. ಕೆಲವು ಕ್ಲಿನಿಕ್ಕುಗಳಲ್ಲೂ ಇದೇ ಮಾತು, ಮನೆಯಲ್ಲಂತೂ ಇದೇ ಮಾತು. ದುಡ್ಡು ಕೊಟ್ಟವರು ಬೇರೆಯವರಾಗಿದ್ದರೆ ಜೊತೆಗೆ ಇನ್ನೊಂದು: "ಅವತ್ತೇ ಕೀಳಿಸಿ ಹಾಕಿದ್ರೆ ಮುಗೀತಿತ್ತು, ಹಲ್ಲು ಉಳಿಸೋಕೆ ಹೋಗಿ ಸಾವಿರಗಟ್ಟಲೆ ಸುರಿದ್ವಿ." ನೋವು ತಿನ್ನುವವರು, ಹೆಚ್ಚಿನ ಸಲ ಮನೆಯ ಹೆಂಗಸರು, ಆಮೇಲೆ ಹೇಳುವುದನ್ನೇ ಬಿಡುತ್ತಾರೆ. ಇನ್ನೊಂದು ಬದಿಯಲ್ಲಿ ಅಗಿಯುತ್ತಾರೆ, ರಾತ್ರಿ ಲವಂಗ ಇಟ್ಟುಕೊಂಡು ಮಲಗುತ್ತಾರೆ, ಸಂತೆಗೆ ಹೋದಾಗ ನಾಲ್ಕು ಮಾತ್ರೆ ತರುತ್ತಾರೆ.

ನಮ್ಮ ಜಗಳ ಆ ಪ್ರಶ್ನೆಯ ಜೊತೆಗೆ. ನಾವು ಡಾಕ್ಟರುಗಳಲ್ಲ, ಪತ್ರಿಕೋದ್ಯಮ ಓದಿ ಊರಿಗೆ ವಾಪಸ್ಸಾದವರು. ಹಾವೇರಿ, ಕೊಪ್ಪಳ, ತುಮಕೂರು, ಚಾಮರಾಜನಗರ ಕಡೆಯವರು ನಮ್ಮ ಗುಂಪಿನಲ್ಲಿದ್ದೇವೆ. ಎಲ್ಲರ ಮನೆಯಲ್ಲೂ ಇಂಥ ಒಂದು ಹಲ್ಲು ಇದೆ. ಕೇಳಿ, ಓದಿ, ತಿಳಿದವರ ಹತ್ತಿರ ಮತ್ತೆ ಕೇಳಿ ನಾವು ಬಂದು ನಿಂತ ಜಾಗ ಇದು: ರೂಟ್ ಕೆನಾಲ್ ಆದ ಮೇಲೆ ಉಳಿಯುವ ನೋವಿಗೆ ಕಾರಣ ಇದ್ದೇ ಇರುತ್ತದೆ, ಹೆಚ್ಚಿನ ಸಲ ಹುಡುಕಿದರೆ ಸಿಗುತ್ತದೆ. ನಮ್ಮ ಹಳ್ಳಿಗಳಲ್ಲಿ ನಾವು ಹೆಚ್ಚು ಕಂಡ ಕಾರಣ ಅರ್ಧಕ್ಕೆ ನಿಂತ ಕೆಲಸ. ಕೆಲಸ ಅರ್ಧಕ್ಕೆ ನಿಂತಿದೆ ಅಂತ ರೋಗಿಗೆ ಕನ್ನಡದಲ್ಲಿ ಬರೆದು ಕೊಟ್ಟವರನ್ನು ಮಾತ್ರ ನಾವು ಈವರೆಗೆ ಕಂಡಿಲ್ಲ.

ಮೊದಲು ಆ ಪ್ರಶ್ನೆಗೆ ಉತ್ತರ ಕೊಟ್ಟುಬಿಡೋಣ. ಹಲ್ಲಿನೊಳಗೆ ಮೆತ್ತಗಿನ ತಿರುಳಿದೆ, ಅದರಲ್ಲಿ ನರವೂ ಇದೆ, ರಕ್ತವೂ ಹರಿಯುತ್ತದೆ. ಹುಳುಕು ಅಲ್ಲಿಯವರೆಗೆ ಇಳಿದಾಗ ನಿದ್ದೆಗೆಡಿಸುವ ಸಿಡಿತ ಶುರು. ರೂಟ್ ಕೆನಾಲ್‌ನಲ್ಲಿ ಡಾಕ್ಟರು ಹಲ್ಲಿನ ನೆತ್ತಿಯಲ್ಲಿ ತೂತು ಮಾಡಿ, ಸೂಜಿಯಂಥ ಫೈಲುಗಳಿಂದ ಬೇರಿನ ತುದಿಯವರೆಗೂ ತಿರುಳನ್ನು ಕೆರೆದು ತೆಗೆದು, ಔಷಧದ ನೀರಿನಲ್ಲಿ ತೊಳೆದು, ಖಾಲಿ ಜಾಗಕ್ಕೆ ಗಟ್ಟಾ ಪರ್ಚಾ ಅನ್ನುವ ರಬ್ಬರಿನಂಥ ಕಡ್ಡಿ ತುಂಬುತ್ತಾರೆ. (ಅದು ಆಗ್ನೇಯ ಏಷ್ಯಾದ ಒಂದು ಮರದ ಹಾಲಿನಿಂದ ಬಂದದ್ದು. ಹತ್ತೊಂಬತ್ತನೇ ಶತಮಾನದಲ್ಲಿ ಸಮುದ್ರದೊಳಗಿನ ಟೆಲಿಗ್ರಾಫ್ ತಂತಿಗೆ ಹೊದಿಸುತ್ತಿದ್ದದ್ದೂ ಇದನ್ನೇ.) ಸರಿ, ಒಳಗಿನ ನರ ಹೋಯಿತು. ಆದರೆ ಹಲ್ಲು ಗಾಳಿಯಲ್ಲಿ ನಿಂತಿಲ್ಲವಲ್ಲ, ದವಡೆಯ ಮೂಳೆಯಲ್ಲಿ ಕೂತಿದೆ. ಬೇರಿಗೂ ಮೂಳೆಗೂ ನಡುವೆ ನಾರಿನ ಒಂದು ತೆಳು ಪದರವಿದೆ, ಅದಕ್ಕೆ ಅದರದೇ ನರಗಳಿವೆ. ಅನ್ನದಲ್ಲಿ ಕಲ್ಲು ಸಿಕ್ಕರೆ ತಟ್ಟನೆ ಗೊತ್ತಾಗುವುದು ಆ ಪದರದಿಂದ. ರೂಟ್ ಕೆನಾಲ್ ಆದ ಹಲ್ಲಿಗೂ ಅದು ಹಾಗೆಯೇ ಉಳಿದಿರುತ್ತದೆ. ಬೇರಿನ ತುದಿಯಲ್ಲಿ ಸೋಂಕು ಉಳಿದರೆ ನೋಯುವುದು ಈ ಪದರ, ಈ ಮೂಳೆ. ಇನ್ನು "ಎಲ್ಲಿಂದ ಬರುತ್ತೆ" ಅಂತ ಯಾರಾದರೂ ಕೇಳಿದರೆ ಇಷ್ಟು ಹೇಳಿ.

ಎಲ್ಲ ನೋವಿಗೂ ಗಾಬರಿ ಬೇಡ ಅನ್ನುವುದನ್ನೂ ಹೇಳಬೇಕು. ಬೇರಿನ ತುದಿಯವರೆಗೆ ಕೆರೆದು ತೊಳೆದಿರುತ್ತಾರೆ, ಅಲ್ಲಿ ಬಾವು ಇದ್ದೇ ಇರುತ್ತದೆ. ಎರಡು ಮೂರು ದಿನ ನೋವು, ಅಗಿದರೆ ಒಂದು ವಾರ ಹತ್ತು ದಿನ ಮಿಡಿತ, ಇದು ಮಾಮೂಲಿ. 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದ ಒಂದು ಪರಿಶೀಲನೆಯಲ್ಲಿ, ಚಿಕಿತ್ಸೆಯಾದ ಮರುದಿನ ನೂರರಲ್ಲಿ ಸುಮಾರು 40 ಜನರಿಗೆ ನೋವಿತ್ತು, ವಾರದ ಹೊತ್ತಿಗೆ ಅದು 11ಕ್ಕೆ ಇಳಿದಿತ್ತು. ನೀವು ನೋಡಬೇಕಾದ್ದು ನೋವು ಯಾವ ಕಡೆ ನಡೆಯುತ್ತಿದೆ ಅನ್ನುವುದನ್ನು. ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಕಾಯಿರಿ. ಎರಡು ವಾರವಾದರೂ ಇದ್ದಲ್ಲೇ ಇದ್ದರೆ, ಅಥವಾ ಪೂರ್ತಿ ಹೋಗಿ ತಿಂಗಳ ಮೇಲೆ ಮತ್ತೆ ಬಂದರೆ, ಕಾಯುವುದರಲ್ಲಿ ಅರ್ಥವಿಲ್ಲ. "ಟೈಮ್ ತಗೊಳ್ಳುತ್ತೆ" ಅನ್ನುವುದು ಮೊದಲ ವಾರದಲ್ಲಿ ಸರಿಯಾದ ಉತ್ತರ. ಮೂರನೇ ತಿಂಗಳಲ್ಲಿ ಅದೇ ಮಾತು ಹೇಳಿದರೆ ನಾವು ಒಪ್ಪುವುದಿಲ್ಲ.

ಕೆಲವು ಸಲ ಕಾರಣ ತೀರಾ ಸಣ್ಣದು. ತುಂಬಿದ ಸಿಮೆಂಟು ಕೂದಲೆಳೆಯಷ್ಟು ಎತ್ತರ ಕೂತಿದ್ದರೆ ಬಾಯಿ ಮುಚ್ಚಿದಾಗಲೆಲ್ಲ ಮೊದಲ ಪೆಟ್ಟು ಅದೇ ಹಲ್ಲಿಗೆ. ಬಣ್ಣದ ಕಾಗದ ಕಚ್ಚಿಸಿ ನೋಡಿ ಎರಡು ನಿಮಿಷ ಉಜ್ಜಿದರೆ ಮುಗಿಯುವ ಕೆಲಸ. ಮರಗಟ್ಟಿದ ಬಾಯಿಯಲ್ಲಿ ರೋಗಿಗೆ ಎತ್ತರ ಗೊತ್ತಾಗುವುದಿಲ್ಲ, ಊರಿಗೆ ಬಂದ ಮೇಲೆ ಗೊತ್ತಾಗುತ್ತದೆ. ಅಷ್ಟಕ್ಕೇ ಮತ್ತೆ ಯಾರು ಹೋಗುತ್ತಾರೆ ಅಂತ ತಿಂಗಳುಗಟ್ಟಲೆ ಒಂದೇ ಬದಿಯಲ್ಲಿ ರೊಟ್ಟಿ ತಿಂದವರನ್ನು ನಾವು ನೋಡಿದ್ದೇವೆ.

ಇನ್ನೊಂದು ಗುರುತು ಮನೆಯಲ್ಲೇ ತಿಳಿಯುತ್ತದೆ. ತಿರುಳು ಪೂರ್ತಿ ತೆಗೆದ ಹಲ್ಲಿಗೆ ತಣ್ಣೀರು ಗೊತ್ತಾಗಬಾರದು. ಮಡಕೆ ನೀರು ಕುಡಿದಾಗ ಜುಮ್ ಅಂದರೆ, ಬಿಸಿ ಚಹಾ ಕುಡಿದಾಗ ಎಳೆದ ಹಾಗಾದರೆ, ಎರಡರಲ್ಲಿ ಒಂದು: ನೋವು ಪಕ್ಕದ ಹಲ್ಲಿನದು, ಅಥವಾ ಅದೇ ಹಲ್ಲಿನಲ್ಲಿ ಒಂದು ನಾಳ ಕಣ್ತಪ್ಪಿ ಉಳಿದಿದೆ. ಡಾಕ್ಟರ ಹತ್ತಿರ ಹೋದಾಗ "ನೋಯ್ತದೆ" ಅನ್ನುವುದರ ಬದಲು "ತಣ್ಣಗಿನದು ತಾಗಿದರೆ ನೋಯ್ತದೆ" ಅಥವಾ "ಕಚ್ಚಿದರೆ ಮಾತ್ರ ನೋಯ್ತದೆ" ಅಂತ ಹೇಳಿದರೆ ಅರ್ಧ ಹುಡುಕಾಟ ಅಲ್ಲೇ ಮುಗಿಯುತ್ತದೆ.

ನಾಳ ಕಣ್ತಪ್ಪುವುದು ಹೇಗೆ? ಕೊಪ್ಪಳ, ಗಂಗಾವತಿ ಕಡೆಯವರಿಗೆ ಕೆನಾಲ್ ಅಂದರೆ ತುಂಗಭದ್ರೆಯ ಎಡದಂಡೆ ಕಾಲುವೆ. ಹಲ್ಲಿನ ಕೆನಾಲೂ ಹಾಗೆಯೇ ಅಂದುಕೊಳ್ಳಿ, ಮುಖ್ಯ ಕಾಲುವೆ ಇರುತ್ತದೆ, ಎಲ್ಲೋ ಒಂದು ಸಣ್ಣ ಕವಲು ಮಣ್ಣಿನಡಿ ಮುಚ್ಚಿಹೋಗಿರುತ್ತದೆ. ಮುಂದಿನ ಹಲ್ಲುಗಳಿಗೆ ಸಾಮಾನ್ಯವಾಗಿ ಒಂದು ನಾಳ. ಕೆಳಗಿನ ದವಡೆ ಹಲ್ಲಿಗೆ ಮೂರು, ಕೆಲವರಿಗೆ ನಾಲ್ಕು. ಮೇಲಿನ ಮೊದಲ ದವಡೆ ಹಲ್ಲಿಗೆ ಬೇರು ಮೂರೇ ಆದರೂ ಹೆಚ್ಚಿನವರಲ್ಲಿ ನಾಳ ನಾಲ್ಕು. ಆ ನಾಲ್ಕನೆಯದು ಕೂದಲಿನಷ್ಟು ಸಣ್ಣದು, ಇನ್ನೊಂದರ ಬೆನ್ನಿಗೆ ಅಂಟಿಕೊಂಡಿರುತ್ತದೆ, ಮಾಮೂಲಿ ಎಕ್ಸ್-ರೇಯಲ್ಲಿ ಒಂದರ ಹಿಂದೆ ಒಂದು ಅಡಗಿ ಒಂದೇ ಗೆರೆಯಾಗಿ ಕಾಣುತ್ತದೆ. ಬರಿಗಣ್ಣಿಗೆ ಸಿಗದಿದ್ದದ್ದು ಮೈಕ್ರೋಸ್ಕೋಪಿನಡಿ ಸಿಗುತ್ತದೆ. ಸಿಗದೆ ಉಳಿದರೆ ಅಲ್ಲಿನ ತಿರುಳು ಕೊಳೆಯುತ್ತದೆ, ಬೇರಿನ ತುದಿಯಲ್ಲಿ ಕೀವಾಗುತ್ತದೆ. ಇದನ್ನು ಪೂರ್ತಿ ಡಾಕ್ಟರ ತಪ್ಪು ಅಂತ ನಾವು ಹೇಳುವುದಿಲ್ಲ. ಸೊಟ್ಟ ಬೇರಿನೊಳಗೆ ಕೈಬೆರಳ ಅಂದಾಜಿನಲ್ಲಿ ಮಾಡುವ ಕೆಲಸ ಅದು. ಆದರೆ ಇನ್ನೊಂದು ಕೋನದಿಂದ ಎಕ್ಸ್-ರೇ ತೆಗೆದು ನೋಡದೆಯೇ "ಎಲ್ಲ ಸರಿ ಇದೆ" ಅಂತ ಕಳಿಸುವುದು ತಪ್ಪು. ಹಲ್ಲಿಗೂ ಸ್ಕ್ಯಾನ್ ಇದೆ, ಮೂರು ಆಯಾಮದಲ್ಲಿ ತೋರಿಸುತ್ತದೆ. ಎಲ್ಲರಿಗೂ ಬೇಕಿಲ್ಲ, ನೋವು ಹೋಗದವರಿಗೆ ಬೇಕಾಗಬಹುದು.

ಹಾಗೆಯೇ ಫೈಲಿನ ತುದಿ ಒಳಗೆ ಮುರಿಯುವುದೂ ಉಂಟು, ತುಂಬಿದ ಕಡ್ಡಿ ಬೇರಿನ ತುದಿ ದಾಟಿ ಹೊರಗೆ ಚಾಚುವುದೂ ಉಂಟು, ತುದಿ ತಲುಪದೆ ಮೇಲೇ ನಿಲ್ಲುವುದೂ ಉಂಟು. ಮುರಿದ ತುಂಡೆಲ್ಲ ನೋವು ಕೊಡುತ್ತದೆ ಅಂತೇನಿಲ್ಲ, ಎಷ್ಟೋ ಹಲ್ಲು ಅದನ್ನು ಇಟ್ಟುಕೊಂಡೇ ಚೆನ್ನಾಗಿವೆ. ಆದರೆ ಒಳಗೆ ತುಂಡು ಉಳಿದಿದೆ ಅನ್ನುವುದು ಆ ಬಾಯಿಯ ಯಜಮಾನರಿಗೆ ಗೊತ್ತಿರಬೇಕೋ ಬೇಡವೋ? ಎರಡು ವರ್ಷದ ಮೇಲೆ ಬೇರೆ ಊರಿನ ಡಾಕ್ಟರು ಎಕ್ಸ್-ರೇ ತೆಗೆದಾಗ ಗೊತ್ತಾಗುವುದು ಯಾವ ನ್ಯಾಯ?

ಕೆನಾಲ್ ಇದ್ದಲ್ಲಿ ಡ್ಯಾಮೂ ಇದೆ. ರಬ್ಬರ್ ಡ್ಯಾಮ್ ಅಂತ ಒಂದು ತೆಳು ಹಾಳೆ. ಅದರ ತೂತಿನಿಂದ ಚಿಕಿತ್ಸೆಯ ಹಲ್ಲೊಂದನ್ನೇ ಹೊರಗಿಟ್ಟು ಬಾಯಿಯ ಉಳಿದ ಭಾಗ ಮುಚ್ಚುತ್ತಾರೆ, ತೊಳೆದ ನಾಳಕ್ಕೆ ಎಂಜಲು ಇಳಿಯದಿರಲಿ ಅಂತ. ದಂತ ಕಾಲೇಜಿನಲ್ಲಿ ಇದನ್ನು ಕಲಿಸಿಯೇ ಕಳಿಸುತ್ತಾರೆ. ಹೊರಗೆ ಬಂದ ಮೇಲೆ ಎಷ್ಟೋ ಕಡೆ ಹಾಕುವುದಿಲ್ಲ. ಎಂಜಲು ಅಂದರೆ ಸೂಕ್ಷ್ಮಜೀವಿಗಳ ಹೊಳೆ. ಆ ಹೊಳೆಯ ನಡುವೆ ನಾಳ ಶುದ್ಧ ಮಾಡುವುದು ಮಳೆಯಲ್ಲಿ ಕಣ ಸಾರಿಸಿದಂತೆ.

ಈಗ ಅರ್ಧಕ್ಕೆ ನಿಂತ ಕೆಲಸಕ್ಕೆ ಬರೋಣ.

ಹತ್ತಿ ಬಿಡಿಸಲು ಹೋಗುವ ಕೊಪ್ಪಳ ಕಡೆಯ ಒಬ್ಬ ಅಕ್ಕನನ್ನು ನಾವು ಕೇಳಿದೆವು, ಮೊದಲ ದಿನ ಹೋಗಿ ಬಂದವರು ಎರಡನೇ ಸಲ ಯಾಕೆ ಹೋಗಲಿಲ್ಲ ಅಂತ. "ನೋವು ನಿಂತಿತ್ತು ತಮ್ಮಾ. ನೋವು ನಿಂತ ಮ್ಯಾಲೆ ಮತ್ಯಾಕ ಹೋಗ್ಲಿ? ಹತ್ತಿ ಬಿಡಸಾಕ ಹೋದ್ರ ಆ ದಿನದ ಪಗಾರರ ಬರತೈತಿ." ಈ ಮಾತಿನಲ್ಲಿ ತಪ್ಪು ಹುಡುಕುವ ಧೈರ್ಯ ನಮಗಿಲ್ಲ. ಮೊದಲ ದಿನ ಡಾಕ್ಟರು ತಿರುಳು ತೆಗೆದು, ಔಷಧ ಇಟ್ಟು, ಮೇಲೆ ತಾತ್ಕಾಲಿಕ ಸಿಮೆಂಟು ಮುಚ್ಚಿ ಕಳಿಸುತ್ತಾರೆ. ಸಿಡಿತ ಅವತ್ತೇ ನಿಲ್ಲುತ್ತದೆ. ರೋಗಿಗೆ ಕೆಲಸ ಮುಗಿಯಿತು. ಆದರೆ ಹಲ್ಲಿನ ಕೆಲಸ ಶುರುವಾಗಿದೆ ಅಷ್ಟೆ. ಆ ಸಿಮೆಂಟು ಇರುವುದು ಕೆಲವು ವಾರದ ಮಟ್ಟಿಗೆ. ಆಮೇಲೆ ಸವೆಯುತ್ತದೆ, ಅಂಚಿನಲ್ಲಿ ಬಿರುಕು ಬಿಡುತ್ತದೆ, ಒಂದು ದಿನ ಮುದ್ದೆ ಸಾರಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಖಾಲಿ ನಾಳಕ್ಕೆ ಎಂಜಲು, ಅನ್ನ, ಕ್ರಿಮಿ ಎಲ್ಲ ಇಳಿಯುತ್ತವೆ. ಬೋರ್‌ವೆಲ್ ಕೊರೆಸಿ ಬಾಯಿ ಮುಚ್ಚದೆ ಬಿಟ್ಟ ಹಾಗೆ. ಇಲ್ಲಿ ಒಳಗೆ ನರವಿಲ್ಲದಿರುವುದೇ ಅಪಾಯ, ಕ್ರಿಮಿ ಇಳಿಯುವಾಗ ಎಚ್ಚರಿಸುವವರೇ ಇಲ್ಲ. ಬೇರಿನ ತುದಿ ದಾಟಿ ಮೂಳೆಗೆ ಬಂದ ಮೇಲಷ್ಟೇ ನೋವು. ಅಷ್ಟರಲ್ಲಿ ಮೂರು ನಾಲ್ಕು ತಿಂಗಳಾಗಿರುತ್ತದೆ, ಆಗ ಊರಿನವರು ಹೇಳುತ್ತಾರೆ: ರೂಟ್ ಕೆನಾಲ್ ಮಾಡಿಸಿದ್ಳು, ಆದ್ರೂ ನೋವು ಹೋಗ್ಲಿಲ್ಲ. ಅಲ್ಲಿ ರೂಟ್ ಕೆನಾಲ್ ಆಗಿರಲೇ ಇಲ್ಲ.

ಪೂರ್ತಿ ತುಂಬಿಸಿಕೊಂಡವರೂ ಎಡವುವುದು ಕ್ಯಾಪಿನ ಹತ್ತಿರ. ತೂತು ಕೊರೆದು ಒಳಗೆಲ್ಲ ಟೊಳ್ಳು ಮಾಡಿದ ದವಡೆ ಹಲ್ಲು ಮೊದಲಿನಷ್ಟು ಗಟ್ಟಿಯಿರುವುದಿಲ್ಲ. ಅದರ ಮೇಲೆ ಜೋಳದ ರೊಟ್ಟಿ, ಕಡ್ಲೆ, ಎಲೆಅಡಿಕೆ. ಒಂದು ದಿನ ಸೀಳುತ್ತದೆ. ಸೀಳು ಬೇರಿನುದ್ದಕ್ಕೆ ಇಳಿದರೆ ಆ ಹಲ್ಲನ್ನು ಉಳಿಸುವುದು ಹೆಚ್ಚುಕಡಿಮೆ ಆಗದ ಮಾತು, ಕೀಳಬೇಕು. ಅಮೆರಿಕದ ಐಯೋವಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರೂಟ್ ಕೆನಾಲ್ ಆದ ಹಲ್ಲುಗಳ ಪೈಕಿ ಕ್ಯಾಪ್ ಹಾಕದವು ಕ್ಯಾಪ್ ಹಾಕಿದವಕ್ಕಿಂತ ಆರು ಪಟ್ಟು ಹೆಚ್ಚಿನ ದರದಲ್ಲಿ ಹಾಳಾಗಿ ಹೋಗಿದ್ದವು. ಆರು ಪಟ್ಟು. ಹಾಗಿದ್ದ ಮೇಲೆ ಕ್ಯಾಪನ್ನು "ಬೇಕಾದ್ರೆ ಹಾಕಿಸಿಕೊಳ್ಳಿ" ಅನ್ನುವ ಮಾತಿನಲ್ಲಿ ಹೇಳಿ ಮುಗಿಸುವುದು ಹೇಗೆ? ಜನರ ಕಿವಿಗೆ ಅದು ಚಂದಕ್ಕೆ ಹಾಕುವ ಒಡವೆಯ ಹಾಗೆ ಕೇಳುತ್ತದೆ. ದವಡೆ ಹಲ್ಲಿಗೆ ಕ್ಯಾಪ್ ಅಂದರೆ ಮನೆಗೆ ಸೂರು. ಗೋಡೆ ಕಟ್ಟಿ ಸೂರು ಬಿಟ್ಟವರನ್ನು ಮೇಸ್ತ್ರಿ ಅಂತ ಯಾರೂ ಕರೆಯುವುದಿಲ್ಲ.

ದುಡ್ಡಿನ ಮಾತು ಬಿಟ್ಟರೆ ಇದೆಲ್ಲ ಬರೀ ಉಪದೇಶವಾಗುತ್ತದೆ. ಕ್ಯಾಪಿಗೆ ನಾಲ್ಕು ಸಾವಿರ ಅಂತಲೇ ಇಟ್ಟುಕೊಳ್ಳಿ. 2024-25ರಲ್ಲಿ ನಮ್ಮ ರಾಜ್ಯದಲ್ಲಿ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ. ಹನ್ನೊಂದು ದಿನ ಚಿಲ್ಲರೆ ದುಡಿದರೆ ಒಂದು ಕ್ಯಾಪ್. ಅದರ ಮೇಲೆ ರೂಟ್ ಕೆನಾಲಿನ ದುಡ್ಡು, ಮೂರು ಸಲ ತಾಲ್ಲೂಕಿಗೆ ಹೋಗಿಬರುವ ಮೂರು ದಿನ. ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಒಪ್ಪೋಣ. ಹೋದ ಕೂಲಿಗೆ ಯಾವ ಶಕ್ತಿ ಯೋಜನೆ?

ಡಾಕ್ಟರುಗಳ ಕಡೆಯಿಂದಲೂ ಒಂದು ದೂರಿದೆ, ಅದನ್ನೂ ಇಲ್ಲಿ ಇಡುತ್ತೇವೆ. ಮೂರು ಸಲ ಬರಬೇಕಾದವರು ಒಂದು ಸಲ ಬಂದು ಮಾಯವಾಗಿ, ಆರು ತಿಂಗಳ ಮೇಲೆ ಮುಖ ಊದಿಸಿಕೊಂಡು ಬಂದು, ನೀವೇ ಕೆಡಿಸಿದ್ದು ಅಂತ ಗಲಾಟೆ ಮಾಡುತ್ತಾರೆ. ನಿಜ. ಆದರೆ ನಾವು ತಿರುಗಿ ಕೇಳುವುದು ಒಂದೇ: ಎರಡನೇ ಸಲ ಬರದಿದ್ದರೆ ಏನಾಗುತ್ತದೆ ಅಂತ ಆ ರೋಗಿಗೆ ಹೇಳಿದ್ದಿರಾ? ಅವರ ಭಾಷೆಯಲ್ಲಿ, ಮರಗಟ್ಟಿದ ಬಾಯಿ ಬಿಟ್ಟುಕೊಂಡು ಕುರ್ಚಿಯಲ್ಲಿ ಒರಗಿದ್ದಾಗ ಅಲ್ಲ, ಎದ್ದು ಕೂತ ಮೇಲೆ? ಒಂದೇ ಸಲ ಕೂರಿಸಿ ಮುಗಿಸಬಹುದಾದ ಹಲ್ಲನ್ನು ದೂರದ ಊರಿನವರಿಗೆ ಒಂದೇ ಸಲಕ್ಕೆ ಮುಗಿಸಿಕೊಡಲು ನೋಡಿದ್ದಿರಾ? ಎಲ್ಲ ಹಲ್ಲೂ ಹಾಗೆ ಆಗುವುದಿಲ್ಲ, ಆಗುವಂಥವು ಬೇಕಾದಷ್ಟಿವೆ.

ಇಲ್ಲಿಂದ ಜನ ಹೋಗುವುದು ಮೆಡಿಕಲ್ ಶಾಪಿಗೆ. ನೋವಿನ ಮಾತ್ರೆಯ ಜೊತೆ ಆಂಟಿಬಯೋಟಿಕ್ ಮೂರು ದಿನದ್ದು, ಚೀಟಿ ಇಲ್ಲದೆ. ತಿಂಗಳ ಮೇಲೆ ಮತ್ತೆ ಮೂರು ದಿನದ್ದು. ನಾಳದೊಳಗೆ ರಕ್ತವೇ ಹರಿಯುತ್ತಿಲ್ಲ, ನುಂಗಿದ ಔಷಧ ಅಲ್ಲಿಗೆ ಹೋಗುವುದು ಹೇಗೆ? ಸುತ್ತಲಿನ ಬಾವು ಸ್ವಲ್ಪ ಇಳಿಯುತ್ತದೆ, ಕ್ರಿಮಿಯ ಬೀಡು ಒಳಗೆ ಹಾಗೇ ಇರುತ್ತದೆ. ಅಮೆರಿಕದ ದಂತ ವೈದ್ಯರ ಸಂಘ 2019ರಲ್ಲಿ ಕೊಟ್ಟ ಮಾರ್ಗಸೂಚಿಯೂ ಇದೇ ದಾರಿಯದು: ಜ್ವರ, ಹರಡುವ ಊತ ಇಲ್ಲದ ಬರೀ ಹಲ್ಲುನೋವಿಗೆ ಸಾಮಾನ್ಯವಾಗಿ ಆಂಟಿಬಯೋಟಿಕ್ ಬೇಡ, ಹಲ್ಲಿಗೇ ಚಿಕಿತ್ಸೆ ಕೊಡಿ. ಮಾತ್ರೆಯ ಪಟ್ಟಿ ತಿರುಗಿಸಿ ನೋಡಿ, ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದನ್ನು ಡಾಕ್ಟರ ಚೀಟಿಯಿಲ್ಲದೆ ಕೊಡುವಂತಿಲ್ಲ ಅಂತ ಅರ್ಥ. 2016ರಿಂದ ಕೇಂದ್ರ ಸರ್ಕಾರವೇ ಇದನ್ನು ಪ್ರಚಾರ ಮಾಡಿದೆ. ಗೆರೆ ಮಾತ್ರೆಯ ಮೇಲಿದೆ, ಕೌಂಟರಿನಲ್ಲಿ ಯಾರೂ ನೋಡುವುದಿಲ್ಲ.

ವಸಡಿನ ಮೇಲೆ ಸಣ್ಣ ಗುಳ್ಳೆ ಎದ್ದು ಒಡೆದು ಕೀವು ಸೋರಿದರೆ ನಮ್ಮ ಕಡೆ ಸಮಾಧಾನ ಪಡುತ್ತಾರೆ, "ಕೆಟ್ಟದ್ದೆಲ್ಲ ಹೊರಗೆ ಹೋಯ್ತು" ಅಂತ. ನೋವು ಕಡಿಮೆಯಾಗುವುದು ನಿಜ, ಯಾಕೆಂದರೆ ಕೀವಿನ ಒತ್ತಡ ಇಳಿದಿದೆ. ಆ ಗುಳ್ಳೆ ಹೇಳುತ್ತಿರುವುದು ಬೇರಿನ ತುದಿಯಲ್ಲಿ ಸೋಂಕು ಇನ್ನೂ ಇದೆ ಅಂತ. ಬಂದು ಹೋಗಿ ಮಾಡುವ ಗುಳ್ಳೆ ಇದ್ದವರು ನೋವಿಲ್ಲದಿದ್ದರೂ ತೋರಿಸಬೇಕು.

ಕಾಯದೆ ಹೊರಡಬೇಕಾದ ಸಂದರ್ಭ ಬೇರೆ. ದವಡೆಯ ಕೆಳಗೆ, ಗಂಟಲ ಕಡೆ ಊತ ಇಳಿದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ, ಕಣ್ಣಿನ ಸುತ್ತ ಊದಿಕೊಂಡರೆ, ಚಳಿಜ್ವರ ಬಂದರೆ ಬೆಳಗಾಗುವವರೆಗೆ ಕಾಯಬೇಡಿ, ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಿ. ಹಲ್ಲಿನ ಸೋಂಕು ಗಂಟಲಿಗೆ ಇಳಿದು ಉಸಿರು ಕಟ್ಟಿ ಜನ ಸತ್ತದ್ದುಂಟು. ಸಕ್ಕರೆ ಕಾಯಿಲೆ ಇದ್ದವರು ಇನ್ನೂ ಜೋಪಾನ. ಕೆಲಸ ಮಾಡುವಾಗ, ಏರು ಹತ್ತುವಾಗ ಮಾತ್ರ ಕೆಳದವಡೆ ನೋಯ್ದು, ಕೂತರೆ ನಿಲ್ಲುತ್ತಿದ್ದರೆ, ಜೊತೆಗೆ ಎದೆ ಬಿಗಿತ, ಬೆವರು ಇದ್ದರೆ, ಅದು ಹಲ್ಲಲ್ಲ, ಹೃದಯ ಇರಬಹುದು. ಆಗಲೂ ನೇರ ಆಸ್ಪತ್ರೆಗೇ.

ಹಲ್ಲಿನದಲ್ಲದ ನೋವು ಅಂದಾಗ ಇನ್ನೊಂದಿಷ್ಟು ಹೇಳಬೇಕು, ಯಾಕೆಂದರೆ ಜನ ಹಲ್ಲು ಕಳೆದುಕೊಳ್ಳುವುದು ಇಲ್ಲಿ. ಮುಖ ತೊಳೆದರೆ, ಗಾಳಿ ತಾಗಿದರೆ, ಹಲ್ಲುಜ್ಜಿದರೆ ಕರೆಂಟ್ ಹೊಡೆದ ಹಾಗೆ ಕೆಲವು ಸೆಕೆಂಡು ಬಂದು ಹೋಗುವ ನೋವು ಮುಖದ ನರದ ಕಾಯಿಲೆಯದಾಗಿರಬಹುದು. ಅದಕ್ಕೆ ಬೇರೆಯೇ ಮಾತ್ರೆ ಇದೆ, ಕೇಳುತ್ತದೆ. ಗೊತ್ತಿಲ್ಲದೆ ಒಂದಾದ ಮೇಲೊಂದು ಹಲ್ಲು ಕೀಳಿಸಿಕೊಂಡವರಿದ್ದಾರೆ, ಬಾಯಿ ಬರಿದಾದರೂ ನೋವು ಹಾಗೇ ಇತ್ತು. ಮೇಲಿನ ದವಡೆ ಹಲ್ಲಿನ ಬೇರುಗಳ ಮೇಲೇ ಸೈನಸ್ ಇದೆ. ಶೀತವಾಗಿ ಅದು ಕಟ್ಟಿದರೆ, ಬಗ್ಗಿದಾಗ ಹಲ್ಲು ಸಾಲೇ ನೋಯುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಬೆಳಿಗ್ಗೆ ದವಡೆಯ ಸ್ನಾಯು ನೋಯುತ್ತದೆ, ಹಲ್ಲು ನೋಯ್ದ ಹಾಗೆ ಅನ್ನಿಸುತ್ತದೆ. ಇನ್ನು ಕೆಲವರಿಗೆ ಹಲ್ಲೂ ಸರಿ, ನಾಳವೂ ಸರಿ, ಆದರೆ ಬಹುದಿನ ನೋವು ತಿಂದ ನರವೇ ಕೆಟ್ಟಿರುತ್ತದೆ, ಕಾರಣ ಹೋದರೂ ಅದು ನೋವಿನ ಸುದ್ದಿ ಕಳಿಸುವುದನ್ನು ನಿಲ್ಲಿಸುವುದಿಲ್ಲ. 2010ರ ಒಂದು ಪರಿಶೀಲನೆಯ ಪ್ರಕಾರ ರೂಟ್ ಕೆನಾಲ್ ಆಗಿ ಆರು ತಿಂಗಳ ಮೇಲೂ ನೋವು ಉಳಿದವರು ನೂರಕ್ಕೆ ಸುಮಾರು ಐದು. ಅಂಥವರಲ್ಲಿ ಅರ್ಧದಷ್ಟು ಜನರ ನೋವು ಹಲ್ಲಿನಿಂದ ಹೊರಟದ್ದಲ್ಲ ಅಂತ ಅದೇ ಸಂಶೋಧಕರ ಲೆಕ್ಕ. ಅದು ಚಿಕಿತ್ಸೆ ಮುಗಿಸಿಕೊಂಡವರ ಲೆಕ್ಕ, ನಮ್ಮ ಹತ್ತಿ ಹೊಲದ ಅಕ್ಕ ಅದರಲ್ಲಿಲ್ಲ. ಆದರೂ ಹೇಳುತ್ತೇವೆ: ಕಾರಣ ಸಿಗದ ನೋವಿಗೆ ಹಲ್ಲು ಕೀಳಿಸುವ ಮೊದಲು ಇನ್ನೊಬ್ಬರಿಗೆ ತೋರಿಸಿ.

ಫೋನಿಗೆ ಬರುವ ಆ ಇನ್ನೊಂದು ಸಂದೇಶವನ್ನೂ ಇಲ್ಲೇ ಮುಗಿಸೋಣ. ರೂಟ್ ಕೆನಾಲ್ ಮಾಡಿಸಿದರೆ ಕ್ಯಾನ್ಸರ್ ಬರುತ್ತದೆ, ಕಣ್ಣು ಮಂಜಾಗುತ್ತದೆ ಅನ್ನುವ ಸಂದೇಶ. ರೂಟ್ ಕೆನಾಲ್ ಮಾಡಿದ ಹಲ್ಲೇ ಮೈಗೆಲ್ಲ ರೋಗ ಹರಡುತ್ತದೆ ಅನ್ನುವ ವಾದವನ್ನು ನೂರು ವರ್ಷದ ಹಿಂದೆ ಅಮೆರಿಕದಲ್ಲಿ ವೆಸ್ಟನ್ ಪ್ರೈಸ್ ಎಂಬ ದಂತ ವೈದ್ಯ ಎಬ್ಬಿಸಿದ. ಆತನ ಪ್ರಯೋಗಗಳು ಆಮೇಲಿನ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಅಲ್ಲಿ ಸತ್ತ ವಾದ ಇಲ್ಲಿ ಕನ್ನಡದಲ್ಲಿ ಫಾರ್ವರ್ಡ್ ಆಗುತ್ತಿದೆ.

ಸರ್ಕಾರ ಏನು ಮಾಡುತ್ತಿದೆ? ದಂತ ಭಾಗ್ಯ ಯೋಜನೆ ಇದೆ, ಬಿಪಿಎಲ್ ಕುಟುಂಬದ ಹಲ್ಲಿಲ್ಲದ ಹಿರಿಯರಿಗೆ ಉಚಿತ ಹಲ್ಲುಸೆಟ್ಟು ಕೊಡುತ್ತಾರೆ. ಒಳ್ಳೆಯದೇ, ಅಜ್ಜಿ ರೊಟ್ಟಿ ತಿಂದದ್ದನ್ನು ನೋಡಿ ನಾವೂ ಖುಷಿಪಟ್ಟಿದ್ದೇವೆ. ಆದರೆ ಅಜ್ಜಿಯ ಹಲ್ಲು ಹೋದದ್ದು ಮೂವತ್ತು, ನಲವತ್ತರ ವಯಸ್ಸಿನಲ್ಲಿ, ಒಂದೊಂದಾಗಿ, ಉಳಿಸಬಹುದಾಗಿದ್ದಾಗ. ತಾಲ್ಲೂಕು ಆಸ್ಪತ್ರೆಯ ಹಲ್ಲಿನ ವಿಭಾಗಕ್ಕೆ ಹೋದ ನಮ್ಮೂರ ಜನ ಹೆಚ್ಚಾಗಿ ಕೀಳಿಸಿಕೊಂಡೇ ಬರುತ್ತಾರೆ. ಅಲ್ಲಿ ಕುರ್ಚಿಯೂ ಇದೆ, ಡಾಕ್ಟರೂ ಇರಬಹುದು. ರೂಟ್ ಕೆನಾಲಿಗೆ ಬೇಕಾದ ಸಾಮಾನು, ಎಕ್ಸ್-ರೇ, ಒಬ್ಬ ರೋಗಿಗೆ ಒಂದು ಗಂಟೆ ಕೊಡುವಷ್ಟು ಹೊತ್ತು, ಇವು ಮೂರೂ ಒಟ್ಟಿಗೆ ಸಿಗುವುದು ಅಪರೂಪ. ರಾಜ್ಯದಲ್ಲಿ ನಲವತ್ತಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ಬೆಂಗಳೂರು, ಬಳ್ಳಾರಿಯಲ್ಲಿ ಸರ್ಕಾರದವೇ ಇವೆ, ದಾವಣಗೆರೆ, ಧಾರವಾಡ, ಬೆಳಗಾವಿ, ಮೈಸೂರು, ತುಮಕೂರು, ರಾಯಚೂರು, ಕಲಬುರಗಿಯಲ್ಲೂ ಕಾಲೇಜುಗಳಿವೆ. ಅಲ್ಲಿ ರೂಟ್ ಕೆನಾಲಿಗೇ ಒಂದು ಪ್ರತ್ಯೇಕ ವಿಭಾಗ ಇರುತ್ತದೆ, ಶುಲ್ಕ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ. ಕಾಯಬೇಕು, ವಿದ್ಯಾರ್ಥಿಗಳು ಮಾಡುವಾಗ ಹೊತ್ತೂ ಹಿಡಿಯುತ್ತದೆ, ಆದರೆ ಹಿಂದೆ ಪ್ರೊಫೆಸರು ನಿಂತಿರುತ್ತಾರೆ. ಒಂದು ಸಲ ಮಾಡಿಸಿ ನೋವು ಉಳಿದವರಿಗೆ ಹಳೆಯದನ್ನು ತೆಗೆದು ಮತ್ತೆ ಮಾಡುವುದೂ, ಬೇರಿನ ತುದಿಗೆ ಸಣ್ಣ ಆಪರೇಷನ್ ಮಾಡುವುದೂ ಅಲ್ಲಿ ಸಾಧ್ಯ. ಕೀಳುವುದೊಂದೇ ದಾರಿ ಅಂತ ಯಾರಾದರೂ ಹೇಳಿದರೆ ಈ ಎರಡರ ಬಗ್ಗೆ ಕೇಳಿ.

ಹೋಗುವಾಗ ಕೈಯಲ್ಲಿ ಏನಿರಬೇಕು? ಇಲ್ಲೇ ನಮ್ಮ ಮುಖ್ಯ ತಕರಾರು. ಬಹಳಷ್ಟು ಜನರ ಕೈಯಲ್ಲಿ ಇರುವುದು ಅಂಗೈಯಗಲದ ಒಂದು ಚೀಟಿ, ಅದರ ಮೇಲೆ ಇಂಗ್ಲಿಷಿನಲ್ಲಿ ಆರ್‌ಸಿಟಿ ಅಂತ ಮೂರಕ್ಷರ, ಪಕ್ಕದಲ್ಲಿ 36 ಅಥವಾ 46. ಅದು ನಿಮ್ಮ ವಯಸ್ಸಲ್ಲ, ಹಲ್ಲಿನ ನಂಬರು. 36 ಅಂದರೆ ಎಡಗಡೆ ಕೆಳಗಿನ ಮೊದಲ ದವಡೆ ಹಲ್ಲು, 46 ಬಲಗಡೆಯದು. ಆ ಮೂರಕ್ಷರ ಶುರುವಾದದ್ದಕ್ಕೂ ಬರೆಯುತ್ತಾರೆ, ಮುಗಿದದ್ದಕ್ಕೂ ಬರೆಯುತ್ತಾರೆ. ನಾವು ಕೇಳುವುದು ಕನ್ನಡದಲ್ಲಿ ನಾಲ್ಕು ಸಾಲು: ಯಾವ ಹಲ್ಲು, ಎಷ್ಟು ನಾಳ ಸಿಕ್ಕಿತು, ತುಂಬಿ ಮುಗಿಯಿತೋ ಇನ್ನೂ ಇದೆಯೋ, ಕ್ಯಾಪ್ ಎಷ್ಟು ದಿನದೊಳಗೆ ಹಾಕಿಸಬೇಕು. ಒಳಗೆ ಏನಾದರೂ ಮುರಿದು ಉಳಿದಿದ್ದರೆ ಐದನೇ ಸಾಲು. ಕಂಪ್ಯೂಟರಿನಲ್ಲಿ ಎಕ್ಸ್-ರೇ ತೋರಿಸಿದರೆ ನಿಮ್ಮ ಫೋನಿನಲ್ಲಿ ಅದರ ಫೋಟೊ ತೆಗೆದುಕೊಳ್ಳಿ, ಶುರುವಿನದು ಮತ್ತು ತುಂಬಿದ ಮೇಲಿನದು ಎರಡೂ. ಮುಂದೆ ಯಾವ ಊರಿನ ಡಾಕ್ಟರ ಹತ್ತಿರ ಹೋದರೂ ಅವರು ಮೊದಲು ಕೇಳುವುದು ಅದನ್ನೇ.

ಇದು ಬೇಡಿಕೊಳ್ಳುವ ವಿಷಯವಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ ಮಾಹಿತಿ ಪಡೆಯುವ ಹಕ್ಕು, ದಾಖಲೆ ಪಡೆಯುವ ಹಕ್ಕು, ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವ ಹಕ್ಕು ಮೂರೂ ಇವೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು, 2017ರಲ್ಲಿ ತಿದ್ದುಪಡಿಯಾಗಿದೆ, ಹಲ್ಲಿನ ಕ್ಲಿನಿಕ್ಕೂ ಅದರ ಕೆಳಗೆ ಬರುತ್ತದೆ. ದರಪಟ್ಟಿ ಜನರಿಗೆ ಕಾಣುವ ಹಾಗೆ ಹಾಕಬೇಕು. ಡಾಕ್ಟರು ರಾಜ್ಯ ದಂತ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು, ಆ ನಂಬರು ಕೇಳಿದರೆ ತಪ್ಪಿಲ್ಲ. ಯಾಕೆ ಹೇಳುತ್ತಿದ್ದೇವೆಂದರೆ, ಡಾಕ್ಟರ ಹತ್ತಿರ ನಾಲ್ಕು ವರ್ಷ ಸಹಾಯಕನಾಗಿದ್ದು ಪಕ್ಕದ ಹೋಬಳಿಯಲ್ಲಿ ತಾನೇ ಬೋರ್ಡು ಹಾಕಿಕೊಂಡವರೂ ಇದ್ದಾರೆ. ಮಾತಿಗೆ ಬಗ್ಗದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಕುಂದುಕೊರತೆ ಪ್ರಾಧಿಕಾರ ಪ್ರತಿ ಜಿಲ್ಲೆಯಲ್ಲಿದೆ, ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ದೂರು ಕೊಡಬಹುದು. ದೂರಿನ ಜೊತೆಗೂ ಬೇಕಾಗುವುದು ಅದೇ ಚೀಟಿ, ಅದೇ ಎಕ್ಸ್-ರೇ. ಕುರ್ಚಿಯಿಂದ ಇಳಿದು ದುಡ್ಡು ಕೊಡುವ ಮೊದಲು ಅವೆರಡನ್ನೂ ಇಸಿದುಕೊಳ್ಳಿ.